ಹಳೇ ಕಂಪ್ಯೂಟರನ್ನು ರೂಟರ್ ಮಾಡುವುದಾ, ಹೊಸ ಡಬ್ಬ ತರುವುದಾ?

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈಗ ಎಷ್ಟೋ ಮನೆಗಳಲ್ಲಿ ಎರಡು ವಸ್ತು ಕಾಣಸಿಗುತ್ತವೆ. ಜಗಲಿಯ ಗೋಡೆಯಲ್ಲಿ ಫೈಬರ್ ಇಂಟರ್ನೆಟ್ಟಿನವರು ಹಾಕಿಹೋದ ಬಿಳಿ ಡಬ್ಬ. ಅಟ್ಟದಲ್ಲಿ ಧೂಳು ಹಿಡಿದ ಹಳೇ ಸಿಪಿಯು. ಮೊದಲನೆಯದು ಆಗಾಗ ಸತಾಯಿಸುತ್ತದೆ, ಎರಡನೆಯದು ಸುಮ್ನೆ ಕೂತಿದೆ. ಹಾಗಾಗಿ "ಆ ಕಂಪ್ಯೂಟರನ್ನೇ ರೂಟರ್ ಮಾಡಿದರೆ ದುಡ್ಡು ಉಳಿಯುತ್ತದೆ ಅಲ್ವಾ?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಅಂಗಡಿಯವರು, ಹೋಮ್‌ಸ್ಟೇ ನಡೆಸುವವರು, ಶಾಲೆಯ ಮೇಷ್ಟ್ರು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಎಲ್ಲರೂ ಕೇಳುತ್ತಾರೆ.

ಮಾಡಲು ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ. ರೂಟರ್, ಅಂದರೆ ಹೊರಗಿನಿಂದ ಬಂದ ನೆಟ್ಟನ್ನು ಮನೆಯ ಉಪಕರಣಗಳಿಗೆ ಹಂಚುವ ಡಬ್ಬ, ಅದೂ ಒಂದು ಸಣ್ಣ ಕಂಪ್ಯೂಟರೇ. ಎರಡು ಲ್ಯಾನ್ ಪೋರ್ಟು (ನೆಟ್ ಕೇಬಲ್ ಸಿಕ್ಕಿಸುವ ತೂತು) ಮತ್ತು ಸರಿಯಾದ ಸಾಫ್ಟ್‌ವೇರ್ ಇದ್ದರೆ ಹತ್ತು ಹದಿನೈದು ವರ್ಷ ಹಳೇ ಡೆಸ್ಕ್‌ಟಾಪ್ ಕೂಡ ಆ ಕೆಲಸವನ್ನು ಅಗ್ಗದ ರೂಟರಿಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ದುಡ್ಡು ಉಳಿಯುತ್ತದಾ ಅನ್ನುವುದು ಬೇರೆ ಪ್ರಶ್ನೆ. ನನ್ನ ಪ್ರಕಾರ ಹೆಚ್ಚಿನ ಮನೆಗಳಲ್ಲಿ ಉಳಿಯುವುದಿಲ್ಲ. ಕೆಲವು ಅಂಗಡಿ, ಆಫೀಸು, ಶಾಲೆಗಳಲ್ಲಿ ಉಳಿಯುತ್ತದೆ.

ಮೊದಲು ತೊಂದರೆ ಯಾವುದು ನೋಡಿ

"ನೆಟ್ ಸರಿ ಇಲ್ಲ" ಅನ್ನುವ ಒಂದೇ ಮಾತಿನ ಒಳಗೆ ಮೂರು ನಾಲ್ಕು ಬೇರೆ ಬೇರೆ ತೊಂದರೆಗಳು ಇರುತ್ತವೆ.

ಅಡುಗೆಮನೆಗೆ, ಹಿಂದಿನ ಕೋಣೆಗೆ ರೇಂಜ್ ಸಿಗುವುದಿಲ್ಲ ಅಂದರೆ ಅದು ವೈಫೈ ತೊಂದರೆ. ನಮ್ಮ ಕಡೆಯ ಕೆಂಪು ಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೋತುಹೋಗುತ್ತದೆ. ಇದಕ್ಕೆ ಕಂಪ್ಯೂಟರ್ ರೂಟರ್ ಔಷಧಿಯೇ ಅಲ್ಲ. ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಹಂಚುವ ಡಬ್ಬ) ಇಟ್ಟರೆ ಮುಗಿಯಿತು. ಇಷ್ಟೇ ನಿಮ್ಮ ತೊಂದರೆಯಾಗಿದ್ದರೆ ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ಕರೆಂಟು ಹೋದ ಕೂಡಲೇ ನೆಟ್ ಹೋಗುತ್ತದೆ ಅಂದರೆ ಅದು ಬ್ಯಾಟರಿಯ ವಿಷಯ. ರೂಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ಫೈಬರ್ ಡಬ್ಬದ ಅಡಾಪ್ಟರ್ ಕೂಡ 12 ವೋಲ್ಟಿನದ್ದೇನಾ ಎಂದು ಅದರ ಮೇಲೆ ಬರೆದಿರುವುದನ್ನು ಓದಿಕೊಂಡು ತನ್ನಿ.

ವೇಗ ಇದೆ, ಆದರೆ ಮನೆಯಲ್ಲಿ ಒಬ್ಬರು ಫೋಟೋ, ವಿಡಿಯೋ ಅಪ್‌ಲೋಡ್ ಮಾಡಲು ಶುರು ಮಾಡಿದ ಕೂಡಲೇ ಇನ್ನೊಬ್ಬರ ವಿಡಿಯೋ ಕಾಲ್ ತುಂಡು ತುಂಡಾಗುತ್ತದೆ. ಇದು ನಿಜವಾಗಿ ರೂಟರಿನ ತೊಂದರೆ. ಡೇಟಾ ಸಾಲಿನಲ್ಲಿ ನಿಂತು ನಿಂತು ತಡವಾಗುತ್ತದೆ. ಇದಕ್ಕೆ ಎಸ್‌ಕ್ಯೂಎಂ ಎನ್ನುವ ವ್ಯವಸ್ಥೆ ಇದೆ. ಸಣ್ಣ ಪ್ಯಾಕೆಟ್ಟುಗಳನ್ನು (ಡೇಟಾದ ತುಣುಕುಗಳನ್ನು) ದೊಡ್ಡ ಡೌನ್‌ಲೋಡಿನ ಹಿಂದೆ ಕಾಯಿಸದೆ ಮುಂದೆ ಬಿಡುವುದು ಅದರ ಕೆಲಸ. ಅದರ ಹೊಸ ರೂಪ 'ಕೇಕ್' 2018ರಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲಿಗೇ ಸೇರಿತು. ಅಗ್ಗದ ರೂಟರಿನ ಪ್ರೊಸೆಸರ್ ಈ ಕೆಲಸಕ್ಕೆ ಬೇಗ ಸುಸ್ತಾಗುತ್ತದೆ. ಹಳೇ ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ.

ನಾಲ್ಕನೆಯದು ಲೈನೇ ಕಡಿಯುವುದು. ಮಳೆಗಾಲದಲ್ಲಿ ತೆಂಗಿನ ಮಡಲು ಬಿದ್ದು ಫೈಬರ್ ತುಂಡಾದರೆ ರಿಪೇರಿಗೆ ದಿನಗಟ್ಟಲೆ ಕಾಯಬೇಕು. ಎರಡು ಕನೆಕ್ಷನ್ ಇಟ್ಟುಕೊಂಡು ಒಂದು ಹೋದರೆ ಇನ್ನೊಂದಕ್ಕೆ ತಾನಾಗಿ ಹೊರಳುವ ವ್ಯವಸ್ಥೆ ಬೇಕು. ಇಲ್ಲೂ ಕಂಪ್ಯೂಟರ್ ರೂಟರ್ ಗೆಲ್ಲುತ್ತದೆ.

ಕೊನೆಯ ಎರಡು ನಿಮ್ಮವಾಗಿದ್ದರೆ ಈ ಹೋಲಿಕೆ ಕೆಲಸಕ್ಕೆ ಬರುತ್ತದೆ.

ಯಾವ ಲೆಕ್ಕದಲ್ಲಿ ತೂಗಬೇಕು

ಎಲ್ಲಕ್ಕಿಂತ ದೊಡ್ಡದು ಕರೆಂಟು. ರೂಟರ್ 24 ಗಂಟೆಯೂ ಉರಿಯುವ ವಸ್ತು. ಹಳೇ ಡೆಸ್ಕ್‌ಟಾಪ್ ಏನೂ ಮಾಡದೆ ಕೂತಿದ್ದರೂ 50ರಿಂದ 70 ವ್ಯಾಟ್ ತಿನ್ನುತ್ತದೆ. 60 ಎಂದು ಹಿಡಿದರೆ ದಿನಕ್ಕೆ 1.44 ಯೂನಿಟ್. ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದಲ್ಲ, ಆ ಬಿಲ್ಲಿಗೆ 86 ಯೂನಿಟ್ ಸೇರುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಬಿಲ್ಲಿಗೆ ಸುಮಾರು 600 ರೂಪಾಯಿ, ವರ್ಷಕ್ಕೆ ಸುಮಾರು 3,700. ಅದೇ 20 ವ್ಯಾಟಿನ ಹಳೇ ಲ್ಯಾಪ್‌ಟಾಪಾದರೆ ವರ್ಷಕ್ಕೆ 1,200, 10 ವ್ಯಾಟಿನ ಸಣ್ಣ ಡಬ್ಬವಾದರೆ 600. ನಿಮ್ಮ ಸ್ಲ್ಯಾಬಿನ (ಬಳಕೆಯ ಹಂತದ) ದರ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ.

ಇಲ್ಲಿ ಇನ್ನೊಂದು ಹೊಂಡ ಇದೆ. ಮನೆ ಬಳಕೆಯಲ್ಲಿ ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳ ಬಿಲ್ಲಿಗೆ 500 ದಾಟಿದರೆ ಸ್ಲ್ಯಾಬ್ ಲೆಕ್ಕ ತಪ್ಪಿ ಮೊದಲ ಯೂನಿಟ್ಟಿನಿಂದಲೇ ಒಂದೇ ದರ ಬೀಳುತ್ತದೆ. ಈಗ 430 ಯೂನಿಟ್ ಬಳಸುವ ಮನೆಗೆ ಈ ಡೆಸ್ಕ್‌ಟಾಪ್ ಸೇರಿದರೆ 516. ಆಗ ಏರುವುದು 86 ಯೂನಿಟ್ಟಿನ ದುಡ್ಡು ಮಾತ್ರ ಅಲ್ಲ. ತೋಟದ ಮನೆಗಳಲ್ಲಿ ಮೋಟಾರು, ಫ್ರಿಜ್ಜು, ಬೇಸಿಗೆಯಲ್ಲಿ ಏಸಿ ಎಲ್ಲ ಸೇರಿ ಈ ಗಡಿಯ ಹತ್ತಿರ ಸುಳಿಯುವವರು ಬೇಕಾದಷ್ಟು ಜನ ಇದ್ದಾರೆ. ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಂಡವರ ಲೆಕ್ಕ ಬೇರೆ, ಅವರಿಗೆ ಈ ಭಯ ಕಡಿಮೆ.

ನಿಮ್ಮ ಕಂಪ್ಯೂಟರ್ ಎಷ್ಟು ತಿನ್ನುತ್ತದೆ ಎಂದು ನೋಡಲು ಯಂತ್ರ ಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಕೆಂಪು ದೀಪ ಒಂದು ಮಿಟುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂದು ಮೀಟರಿನ ಮುಖದಲ್ಲೇ ಬರೆದಿರುತ್ತದೆ, ಉದಾಹರಣೆಗೆ 3200. ಮನೆಯ ಉಳಿದದ್ದೆಲ್ಲ ಆಫ್ ಮಾಡಿ, ಕಂಪ್ಯೂಟರ್ ಒಂದನ್ನೇ ಉರಿಸಿ 10 ನಿಮಿಷ ಎಣಿಸಿ. ಬಂದ ಎಣಿಕೆಯನ್ನು 6000ದಿಂದ ಗುಣಿಸಿ 3200ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 32 ಸಲ ಮಿಟುಕಿದರೆ 60 ವ್ಯಾಟ್.

ಎರಡನೆಯದು ಪೋರ್ಟು. ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಒಂದೇ ಲ್ಯಾನ್ ಪೋರ್ಟು ಇರುತ್ತದೆ. ರೂಟರಿಗೆ ಎರಡು ಬೇಕು, ಒಳಗೊಂದು ಹೊರಗೊಂದು. ತೀರಾ ಹಳೇ ಬೋರ್ಡಿನ ಪೋರ್ಟು 100 ಎಂಬಿಪಿಎಸ್‌ನದ್ದಾಗಿದ್ದರೆ ಕೈಗೆ ಸಿಗುವುದು 94ರ ಆಸುಪಾಸು. ನಿಮ್ಮ ಪ್ಲಾನೇ 50 ಅಥವಾ 60 ಆಗಿದ್ದರೆ ಅದರಿಂದ ನಷ್ಟ ಇಲ್ಲ. 200ರ ಪ್ಲಾನಿಗೆ ದುಡ್ಡು ಕೊಟ್ಟು ಅದನ್ನು ಈ ಪೋರ್ಟಿಗೆ ಸಿಕ್ಕಿಸುವುದು ವ್ಯರ್ಥ.

ಮೂರನೆಯದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ತಾನಾಗಿ ಎದ್ದು ನಿಲ್ಲುತ್ತದಾ? ಅಂಗಡಿಯಿಂದ ತಂದ ರೂಟರ್ ನಿಲ್ಲುತ್ತದೆ. ಡೆಸ್ಕ್‌ಟಾಪ್ ನಿಲ್ಲಬೇಕಾದರೆ ಬಯೋಸಿಗೆ (ಆನ್ ಆಗುವಾಗಲೇ ತೆರೆಯುವ ಮೂಲ ಸೆಟ್ಟಿಂಗಿಗೆ) ಹೋಗಿ, ಕರೆಂಟು ಬಂದಾಗ ಆನ್ ಆಗು ಎಂಬ ಸೆಟ್ಟಿಂಗ್ ಹಾಕಬೇಕು. ಅದನ್ನು ನೆನಪಿಟ್ಟುಕೊಳ್ಳುವುದು ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032. ಹಳೇ ಕಂಪ್ಯೂಟರಿನಲ್ಲಿ ಅದು ಸತ್ತಿರುತ್ತದೆ. ಆಗ ಸೆಟ್ಟಿಂಗೂ ಹೋಗುತ್ತದೆ, ಎಫ್1 ಒತ್ತಿ ಎಂದು ಪರದೆಯ ಮೇಲೆ ಬರೆದು ಅಲ್ಲೇ ನಿಂತುಬಿಡುತ್ತದೆ. ಆದರೆ ಪರದೆ ಇಲ್ಲ, ಕೀಬೋರ್ಡೂ ಇಲ್ಲ. ನೀವು ಮಂಗಳೂರಿನಲ್ಲಿದ್ದೀರಿ, ಅಮ್ಮ ಫೋನ್ ಮಾಡಿ ನೆಟ್ ಇಲ್ಲ ಅನ್ನುತ್ತಾರೆ. ಕಡಿಮೆ ದುಡ್ಡಿನ ಬ್ಯಾಟರಿ ಅದು, ಮೊದಲ ದಿನವೇ ಬದಲಿಸಿಬಿಡಿ.

ಅದರ ಜೊತೆಗೇ ಸಿಡಿಲು. ಪತ್ತನಾಜೆಯ (ಮೇ ಕೊನೆಯ) ಹೊತ್ತಿನ ಗುಡುಗು, ಆಮೇಲೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಮಳೆ, ನಮ್ಮ ಜಿಲ್ಲೆಯಲ್ಲಿ ವಿದ್ಯುತ್ ಉಪಕರಣ ಹಾಳಾಗುವ ಕಾಲ ಇದು. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು. ಆದರೆ ಕೇಬಲಿನ ಜೊತೆ ಇರುವ ಲೋಹದ ತಂತಿ, ಕರೆಂಟಿನ ಲೈನು, ಮನೆಯಿಂದ ಶೆಡ್ಡಿಗೆ ಎಳೆದ ತಾಮ್ರದ ಲ್ಯಾನ್ ಕೇಬಲ್, ಇವೆಲ್ಲ ದಾರಿ ಕೊಡುತ್ತವೆ. ಅಂಗಳ ದಾಟಿಸಿ ಅಡಿಕೆ ಸುಲಿಯುವ ಶೆಡ್ಡಿಗೆ ನೆಟ್ ಒಯ್ಯಬೇಕಾದರೆ ತಾಮ್ರ ಬೇಡ, ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲಿನಿಂದ ಫೈಬರಿಗೆ ಬದಲಿಸುವ ಸಣ್ಣ ಡಬ್ಬ) ಇಟ್ಟು ಫೈಬರ್ ಎಳೆಸಿ. ಸಿಡಿಲಿನ ಲೆಕ್ಕದಲ್ಲಿ ಹಳೇ ಡೆಸ್ಕ್‌ಟಾಪಿಗೆ ಒಂದು ಲಾಭ ಇದೆ: ಹೋದರೂ ಹೋಗುವುದು ಹಳೇ ಸಾಮಾನು. ಹದಿನೈದು ಸಾವಿರದ ಮಿನಿ ಪಿಸಿ ಹೋದರೆ ಹೊಟ್ಟೆ ಉರಿಯುತ್ತದೆ.

ಇನ್ನು ಉಳಿದದ್ದು ನೋಡಿಕೊಳ್ಳುವವರು. ಸೆಟಪ್ ಮಾಡಿದ ಹುಡುಗ ಕೆಲಸಕ್ಕೆಂದು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಯಾರು? ಒಂದು ಸಮಾಧಾನ ಇದೆ. ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಡುವ ಕಂಪ್ಯೂಟರುಗಳಲ್ಲಿ ಓಡುವುದು ಉಬುಂಟು ಆಧಾರದ ಲಿನಕ್ಸ್. ಹಾಗಾಗಿ ಇಲ್ಲಿ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸ್ ಓದಿದ ಮಕ್ಕಳಿಗೂ ಲಿನಕ್ಸ್ ಹೆಸರು ಕೇಳಿ ಹೆದರಿಕೆ ಇಲ್ಲ. ಬೇರೆ ಕಡೆ ಇಷ್ಟು ಸುಲಭ ಅಲ್ಲ.

ಇರುವ ದಾರಿಗಳು

ಫೈಬರಿನವರ ಡಬ್ಬವನ್ನೇ ಇಟ್ಟುಕೊಳ್ಳುವುದು. ಖರ್ಚಿಲ್ಲ, ಕೆಟ್ಟರೆ ಅವರೇ ಬರುತ್ತಾರೆ. ಬಿಎಸ್‌ಎನ್‌ಎಲ್ ಇರಲಿ, ಊರಿನ ಕೇಬಲಿನವರಿರಲಿ, 2023ರ ಜೂನಿನಲ್ಲಿ ಉದ್ಘಾಟನೆಯಾದ, ಕೇರಳ ಸರಕಾರದ ಕೆ-ಫೋನ್ ಇರಲಿ, ನಾಲ್ಕು ಜನರ ಮನೆಗೆ ಇದು ಸಾಕಾಗುವುದೇ ಜಾಸ್ತಿ. ಎಸ್‌ಕ್ಯೂಎಂ, ಎರಡನೇ ಲೈನು ಮುಂತಾದ್ದು ಮಾತ್ರ ಇದರಲ್ಲಿ ಸಿಗುವುದು ಅಪರೂಪ.

ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದಾದ ಹೊಸ ರೂಟರ್. ಬಹಳ ಜನರಿಗೆ ನಾನು ಹೇಳುವುದು ಇದನ್ನೇ. ಓಪನ್‌ಡಬ್ಲ್ಯುಆರ್‌ಟಿ ಅಂದರೆ ರೂಟರುಗಳಿಗೆಂದೇ ಇರುವ ಉಚಿತ ಲಿನಕ್ಸ್, 2004ರಿಂದ ಬೆಳೆದು ಬಂದದ್ದು. ಅದರ ಜಾಲತಾಣದ ಪಟ್ಟಿಯಲ್ಲಿ ಮಾಡೆಲ್ ಇದೆಯಾ ಎಂದು ನೋಡಿಯೇ ಕೊಳ್ಳಬೇಕು. ಹೆಸರು ಒಂದೇ ಇದ್ದು ಒಳಗಿನ ವರ್ಷನ್ ಬೇರೆಯಾಗಿರುವ ಮಾಡೆಲುಗಳಿವೆ, ಡಬ್ಬದ ಅಡಿಯ ಚೀಟಿ ಓದಿ. ಕನಿಷ್ಠ 16 ಎಂಬಿ ಫ್ಲ್ಯಾಶ್ (ಸಾಫ್ಟ್‌ವೇರ್ ಕೂರುವ ಜಾಗ), 128 ಎಂಬಿ ರ‍್ಯಾಮ್ ಇರಲಿ. ಮೂರು ನಾಲ್ಕು ಸಾವಿರಕ್ಕೆ ವೈಫೈ ಸಮೇತ ಬರುತ್ತದೆ, 10 ವ್ಯಾಟಿನ ಒಳಗೆ ಮುಗಿಯುತ್ತದೆ. ಡೆಸ್ಕ್‌ಟಾಪಿಗೆ ಹೋಲಿಸಿದರೆ ವರ್ಷಕ್ಕೆ ಸುಮಾರು 3,000 ರೂಪಾಯಿ ಕರೆಂಟು ಉಳಿಯುತ್ತದೆ ಅಂದರೆ ಒಂದು ಒಂದೂವರೆ ವರ್ಷದಲ್ಲಿ ರೂಟರಿನ ದುಡ್ಡು ಬಂತು. "ಉಚಿತ" ಡೆಸ್ಕ್‌ಟಾಪ್ ಇದರ ಎದುರು ದುಬಾರಿ.

ಹಳೇ ಡೆಸ್ಕ್‌ಟಾಪ್. ಗಟ್ಟಿಮುಟ್ಟು, ಒಳಗೆ ಜಾಗ ಇದೆ, ಬಿಡಿ ಭಾಗ ಎಲ್ಲೆಡೆ ಸಿಗುತ್ತದೆ. ಎರಡನೇ ಪೋರ್ಟಿಗೆ ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡ್ ತನ್ನಿ. ಹಳೇ ಕಾಲದ ಉದ್ದ ಬಿಳಿ ಪಿಸಿಐ ಸ್ಲಾಟಿನದ್ದು ಬೇಡ. ಆ ಸ್ಲಾಟುಗಳೆಲ್ಲ ಸೇರಿ ಸೆಕೆಂಡಿಗೆ 133 ಮೆಗಾಬೈಟಿನ (ಮೆಗಾಬಿಟ್ ಅಲ್ಲ) ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಸರ್ವರಿನಿಂದ ಕಳಚಿದ ಇಂಟೆಲ್ ಚಿಪ್ಪಿನ ಎರಡು ಪೋರ್ಟಿನ ಕಾರ್ಡು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ತೆಗೆದುಬಿಡಿ, ಡಿವಿಡಿ ಡ್ರೈವಿನ ವಯರ್ ಕಳಚಿ, ಹಾರ್ಡ್‌ಡಿಸ್ಕಿನ ಬದಲು ಸಣ್ಣ ಎಸ್‌ಎಸ್‌ಡಿ ಹಾಕಿ. ಕರೆಂಟು ಸ್ವಲ್ಪ ಇಳಿಯುತ್ತದೆ, ಸದ್ದೂ ಕಡಿಮೆ. ಇಷ್ಟಾದರೂ ಇದು ವೈಫೈ ಕೊಡುವುದಿಲ್ಲ ಎಂಬುದು ನೆನಪಿರಲಿ. ಆಕ್ಸೆಸ್ ಪಾಯಿಂಟಿನ ಕರೆಂಟು ಇದರ ಮೇಲೆ ಬೇರೆ. ಇನ್ವರ್ಟರ್ ಬ್ಯಾಟರಿ ಮೇಲೂ ಇದು ಭಾರವೇ, ಜೊತೆಗೆ ಇನ್ವರ್ಟರಿನ ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿ ಇಲ್ಲದಿದ್ದರೆ ಕರೆಂಟು ಹೋಗುವಾಗ ರೀಬೂಟ್ ಆಗುವ ಸಾಧ್ಯತೆ ಇದೆ.

ಹಳೇ ಲ್ಯಾಪ್‌ಟಾಪ್. ಮನೆಯಲ್ಲಿ ಇರುವುದರಿಂದಲೇ ಮಾಡಬೇಕೆಂದರೆ ಡೆಸ್ಕ್‌ಟಾಪಿಗಿಂತ ಇದು ಮೇಲು. ಸ್ಕ್ರೀನ್ ಒಡೆದದ್ದು, ಕೀಲಿ ಉದುರಿದ್ದು, ಯಾವುದಾದರೂ ಆಗುತ್ತದೆ. 15ರಿಂದ 25 ವ್ಯಾಟ್. ಬ್ಯಾಟರಿ ಇನ್ನೂ ಜೀವ ಹಿಡಿದಿದ್ದರೆ ಅದೇ ಯುಪಿಎಸ್. ಆದರೆ ಫೈಬರ್ ಡಬ್ಬಕ್ಕೂ ಬ್ಯಾಟರಿ ಇಲ್ಲದಿದ್ದರೆ ಇದೊಂದೇ ಎಚ್ಚರ ಇದ್ದು ಏನು ಪ್ರಯೋಜನ? ವರ್ಷಗಟ್ಟಲೆ ಚಾರ್ಜಿನಲ್ಲೇ ಇದ್ದರೆ ಬ್ಯಾಟರಿ ಊದಿಕೊಳ್ಳುವುದುಂಟು. 80 ಶೇಕಡಾಕ್ಕೆ ಚಾರ್ಜು ನಿಲ್ಲಿಸುವ ಸೆಟ್ಟಿಂಗ್ ಬಯೋಸಿನಲ್ಲಿ ಇದ್ದರೆ ಹಾಕಿ. ಟಚ್‌ಪ್ಯಾಡ್ ಮೇಲಕ್ಕೆದ್ದಂತೆ ಕಂಡರೆ ಆ ಕ್ಷಣವೇ ಬ್ಯಾಟರಿ ತೆಗೆಸಿ.

ಲ್ಯಾಪ್‌ಟಾಪಿನ ದೊಡ್ಡ ಕೊರತೆ ಎರಡನೇ ಪೋರ್ಟು. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬೇಕು. ರಿಯಲ್‌ಟೆಕ್ ಆರ್‌ಟಿಎಲ್8153 ಚಿಪ್ಪಿನದ್ದು ಲಿನಕ್ಸಿನಲ್ಲಿ ಚೆನ್ನಾಗಿ ನಡೆಯುತ್ತದೆ. ಯುಎಸ್‌ಬಿ 2ರ ತೂತಿಗೆ ಹಾಕಿದರೆ 300 ಎಂಬಿಪಿಎಸ್ ಆಸುಪಾಸಿಗೆ ನಿಲ್ಲುತ್ತದೆ, ನೀಲಿ ಬಣ್ಣದ ಯುಎಸ್‌ಬಿ 3ಕ್ಕೇ ಹಾಕಿ. ವಯರು ಸಡಿಲವಾಗಿ ಅಲ್ಲಾಡದಂತೆ ಕಟ್ಟಿಡಿ, ಈ ಅಡಾಪ್ಟರುಗಳ ದೌರ್ಬಲ್ಯವೇ ಅದು.

ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್, ಮಿನಿ ಪಿಸಿ. ಬ್ಯಾಂಕು, ಕಾಲ್ ಸೆಂಟರುಗಳು ಬಳಸಿ ಬಿಟ್ಟ ಪುಸ್ತಕದ ಗಾತ್ರದ ಕಂಪ್ಯೂಟರುಗಳು ಇವು. ಕೆಲವಕ್ಕೆ ಫ್ಯಾನೇ ಇಲ್ಲ, ಹಾಗಾಗಿ ಧೂಳು, ಹಲ್ಲಿ, ಇರುವೆಯ ಕಾಟ ಕಡಿಮೆ. 10ರಿಂದ 15 ವ್ಯಾಟ್. ಒಂದೇ ಪೋರ್ಟು ಇರುವುದೇ ಜಾಸ್ತಿ, ಕೊಳ್ಳುವ ಮೊದಲು ಕಾರ್ಡು ಹಾಕಲು ಒಳಗೆ ಸ್ಲಾಟ್ ಇದೆಯಾ ಕೇಳಿ. ಅಡಾಪ್ಟರ್ ಜೊತೆಗೇ ಬರುತ್ತದಾ ಅನ್ನುವುದನ್ನೂ ಕೇಳಿ, ಆಮೇಲೆ ಅದೊಂದನ್ನೇ ಹುಡುಕುವುದು ತಲೆನೋವು.

ನಾಲ್ಕು ಪೋರ್ಟಿನ ಹೊಸ ಡಬ್ಬ. ಇಂಟೆಲ್ ಎನ್100 ಪ್ರೊಸೆಸರ್ 2023ರ ಆರಂಭದಲ್ಲಿ ಬಂದ ಮೇಲೆ ರೂಟರಿಗೆಂದೇ ಮಾಡಿದ ಇಂಥ ಪೆಟ್ಟಿಗೆಗಳು ಹೆಚ್ಚಾದವು. ಕೆಲಸದಲ್ಲಿ ಇವನ್ನು ಮೀರಿಸುವುದು ಯಾವುದೂ ಇಲ್ಲ. ಬೆಲೆ ಹತ್ತು ಸಾವಿರ ದಾಟುತ್ತದೆ. ಡೆಸ್ಕ್‌ಟಾಪಿನ ಕರೆಂಟು ಉಳಿತಾಯದಲ್ಲಿ ಈ ದುಡ್ಡು ಹುಟ್ಟಲು ನಾಲ್ಕೈದು ವರ್ಷ ಬೇಕು. ಆಫೀಸಿಗೆ ಸರಿ, ಮನೆಗೆ ಷೋಕಿ.

ವಿಂಡೋಸ್ ಕಂಪ್ಯೂಟರಿನಲ್ಲಿಯೇ ನೆಟ್ ಹಂಚುವುದನ್ನೂ ಕೆಲವರು ಕೇಳುತ್ತಾರೆ. ಮೊಬೈಲ್ ಹಾಟ್‌ಸ್ಪಾಟ್ ಗುಂಡಿ ಒತ್ತಿದರೆ ಎಂಟು ಉಪಕರಣಗಳ ತನಕ ಹಂಚಬಹುದು. ಒಂದು ದಿನದ ಮಟ್ಟಿಗೆ ಸಾಕು. ಅಪ್‌ಡೇಟ್ ನಿಂತುಹೋದ ವಿಂಡೋಸ್ 7 ಇಟ್ಟುಕೊಂಡು ಇಡೀ ಮನೆಗೆ ಕಾವಲು ಕೂರಿಸುವುದು ಮಾತ್ರ ಬೇಡವೇ ಬೇಡ.

ಯಾವ ಸಾಫ್ಟ್‌ವೇರ್

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಪ್‌ಟಾಪ್, ಯುಎಸ್‌ಬಿ ಲ್ಯಾನ್, ರಿಯಲ್‌ಟೆಕ್ ಕಾರ್ಡು, 32 ಬಿಟ್ಟಿನ ತೀರಾ ಹಳೇ ಪ್ರೊಸೆಸರ್, ಇವುಗಳಲ್ಲಿ ಯಾವುದಿದ್ದರೂ ಓಪನ್‌ಡಬ್ಲ್ಯುಆರ್‌ಟಿಯೇ ಸರಿ. ಪಿಸಿಗೆಂದೇ ಅದರ ಬೇರೆ ಇಮೇಜ್ (ಇಳಿಸಿಕೊಳ್ಳುವ ಫೈಲ್) ಇದೆ, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಒಳಗಿನ ಹಾರ್ಡ್‌ಡಿಸ್ಕನ್ನು ಮುಟ್ಟದೆ ಒಂದು ವಾರ ಓಡಿಸಿ ನೋಡಬಹುದು, ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತರೆ ಕಂಪ್ಯೂಟರ್ ಮೊದಲಿನಂತೆ. ಯುಎಸ್‌ಬಿ ಲ್ಯಾನಿನ ಡ್ರೈವರನ್ನು ಮಾತ್ರ ಇಮೇಜ್ ಇಳಿಸಿಕೊಳ್ಳುವಾಗಲೇ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ ಸೇರಿಸಿಕೊಳ್ಳಿ. ಇಲ್ಲದಿದ್ದರೆ ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಬರಲು ನೆಟ್ ಬೇಕು ಎಂದಾಗುತ್ತದೆ.

ಇಂಟೆಲ್ ಲ್ಯಾನ್ ಕಾರ್ಡು ಮತ್ತು 4 ಜಿಬಿ ರ‍್ಯಾಮ್ ಇರುವ 64 ಬಿಟ್ಟಿನ ಡೆಸ್ಕ್‌ಟಾಪಾದರೆ ಓಪಿಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್ ನೋಡಬಹುದು. ಎರಡೂ ಫ್ರೀಬಿಎಸ್‌ಡಿ ಎಂಬ, ಲಿನಕ್ಸಿನಂಥದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮಿನ ಮೇಲೆ ಕಟ್ಟಿದವು. 2015ರಲ್ಲಿ ಪಿಎಫ್‌ಸೆನ್ಸಿನಿಂದ ಕವಲೊಡೆದದ್ದು ಓಪಿಎನ್‌ಸೆನ್ಸ್. ಯಾರು ಎಷ್ಟು ಬಳಸಿದರು ಎಂಬ ಲೆಕ್ಕ, ವಿಪಿಎನ್ (ಹೊರಗಿನಿಂದ ಸುರಕ್ಷಿತವಾಗಿ ಒಳಗೆ ಸೇರುವ ದಾರಿ), ಗಿರಾಕಿಗಳಿಗೆ ಲಾಗಿನ್ ಪುಟ, ಎಲ್ಲ ಚೊಕ್ಕವಾಗಿ ಪರದೆಯಲ್ಲೇ ಸಿಗುತ್ತವೆ. ಆಫೀಸಿನವರಿಗೆ ಇಷ್ಟವಾಗುತ್ತದೆ. ರಿಯಲ್‌ಟೆಕ್ ಕಾರ್ಡುಗಳು ಮತ್ತು ಯುಎಸ್‌ಬಿ ಅಡಾಪ್ಟರುಗಳು ಫ್ರೀಬಿಎಸ್‌ಡಿಯಲ್ಲಿ ಕಿರಿಕಿರಿ ಮಾಡುತ್ತವೆ. ಮನೆಗೆ ಇದು ಅತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ವೈಫೈ ಎಲ್ಲಿಂದ?

ಕಂಪ್ಯೂಟರಿನ ವೈಫೈ ಕಾರ್ಡು ಸಿಗ್ನಲ್ ಹಿಡಿಯಲು ಮಾಡಿದ್ದು, ಹಂಚಲು ಅಲ್ಲ. ಇಂಟೆಲಿನ ಹೆಚ್ಚಿನ ಕಾರ್ಡುಗಳಂತೂ 5 ಗಿಗಾಹರ್ಟ್ಸಿನಲ್ಲಿ ಹಂಚಲು ಬಿಡುವುದೇ ಇಲ್ಲ. ಹಾಗಾಗಿ ಮನೆಯ ಹಳೇ ವೈಫೈ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿ. ಮೂರೇ ಕೆಲಸ. ಅದರ ಐಪಿಯನ್ನು (ನೆಟ್‌ವರ್ಕಿನ ಒಳಗಿನ ವಿಳಾಸವನ್ನು) ಹೊಸ ನೆಟ್‌ವರ್ಕಿಗೆ ಹೊಂದುವ, ಯಾರೂ ಬಳಸದ ಒಂದು ನಂಬರಿಗೆ ಬದಲಿಸಿ, ಅದರ ಡಿಎಚ್‌ಸಿಪಿ (ಉಪಕರಣಗಳಿಗೆ ಐಪಿ ಹಂಚುವ ಕೆಲಸ) ಆಫ್ ಮಾಡಿ, ಕಂಪ್ಯೂಟರಿನಿಂದ ಬರುವ ಕೇಬಲನ್ನು ಅದರ ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಇಂಥ ಎರಡು ಹಳೇ ರೂಟರ್ ಇದ್ದರೆ ಒಂದು ಜಗಲಿಗೆ, ಒಂದು ಹಿಂದಕ್ಕೆ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟು, ಚಾನೆಲ್ ಮಾತ್ರ ಬೇರೆ ಇಡಿ.

ಯಾರಿಗೆ ಯಾವುದು

ಅಪ್ಪ, ಅಮ್ಮ, ಒಂದು ಟಿವಿ, ಎರಡು ಮೂರು ಮೊಬೈಲ್. ಇಂಥ ಮನೆಗೆ ಫೈಬರಿನವರ ಡಬ್ಬ, ಅದಕ್ಕೊಂದು ಸಣ್ಣ ಯುಪಿಎಸ್. ಮತ್ತೇನೂ ಬೇಡ.

ಮನೆಯಿಂದಲೇ ಕೆಲಸ ಮಾಡುವವರು, ದಿನಕ್ಕೆ ನಾಲ್ಕು ಮೀಟಿಂಗ್ ಇರುವವರು. ಕೈಯಲ್ಲಿ ದುಡ್ಡಿದ್ದರೆ ಓಪನ್‌ಡಬ್ಲ್ಯುಆರ್‌ಟಿಯ ರೂಟರ್, ಇಲ್ಲದಿದ್ದರೆ ಹಳೇ ಲ್ಯಾಪ್‌ಟಾಪ್. ಎಸ್‌ಕ್ಯೂಎಂನಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ಲೈನಿನ ನಿಜವಾದ ವೇಗದ 90 ಶೇಕಡಾ ಹಾಕಿ. ಕಾಲ್ ಕಡಿಯುವುದು ನಿಲ್ಲಲು ಇದೊಂದೇ ಸಾಕಾಗಬಹುದು. ಫೈಬರ್ ಕಡಿದಾಗ ಹೊರಳಲು ಒಂದು ಹಳೇ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಟೆದರಿಂಗಿನಲ್ಲಿ ಚುಚ್ಚಿಡಿ, ಓಪನ್‌ಡಬ್ಲ್ಯುಆರ್‌ಟಿಯ ಎಂವ್ಯಾನ್3 (ಎರಡು ಲೈನು ನಿಭಾಯಿಸುವ ಪ್ಯಾಕೇಜು) ಉಳಿದದ್ದು ನೋಡಿಕೊಳ್ಳುತ್ತದೆ. ಆ ಫೋನಿಗೆ ನಿಮ್ಮ ಫೈಬರ್ ಕಂಪನಿಯದ್ದಲ್ಲದ ಬೇರೆ ಕಂಪನಿಯ ಸಿಮ್ ಹಾಕಿ. ತಲಪಾಡಿ, ಪೆರ್ಲದ ಆಚೀಚೆ ಇರುವವರು ಆ ಮೂಲೆಯಲ್ಲಿ ಯಾವುದರ ರೇಂಜ್ ನಿಲ್ಲುತ್ತದೆ ಎಂದು ಮೊದಲು ನೋಡಿಕೊಳ್ಳಿ, ಗಡಿಯ ಎರಡೂ ಬದಿಯ ಟವರುಗಳು ಅಲ್ಲಿ ಎಳೆದಾಡುತ್ತವೆ.

ಬದಿಯಡ್ಕದಲ್ಲೋ ಉಪ್ಪಳದಲ್ಲೋ ಜೆರಾಕ್ಸ್, ಡಿಟಿಪಿ ಅಂಗಡಿ, ಆನ್‌ಲೈನ್ ಸರಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರದಂಥ ಜಾಗ. ಇಲ್ಲಿ ಹಳೇ ಡೆಸ್ಕ್‌ಟಾಪಿಗೆ ನನ್ನ ಓಟು. ದಿನಕ್ಕೆ ಹತ್ತು ಗಂಟೆ ಉರಿದರೆ ಸಾಕು, ಬಾಗಿಲು ಹಾಕುವಾಗ ಆಫ್. ಬಿಲ್ಲಿಗೆ 86ರ ಬದಲು 36 ಯೂನಿಟ್. ರಾತ್ರಿಯ ಸಿಡಿಲಿನ ಭಯವೂ ಇಲ್ಲ, ಪಿನ್ನು ಕಿತ್ತೇ ಹೋಗಬಹುದು. ಸರಕಾರದ ಸೈಟಿನಲ್ಲಿ ಅರ್ಜಿ ತುಂಬುತ್ತಿರುವಾಗ ಲೈನ್ ಹೋದರೆ ಗಿರಾಕಿಗಳ ಸಾಲು ನಿಲ್ಲುತ್ತದೆ, ಹಾಗಾಗಿ ಎರಡು ಕನೆಕ್ಷನ್ನಿನ ವ್ಯವಸ್ಥೆಗೆ ಇಲ್ಲಿ ನಿಜವಾದ ಬೆಲೆ ಇದೆ. ಅಂಗಡಿಯ ಕಂಪ್ಯೂಟರುಗಳು ಬೇರೆ, ಬಂದವರ ಮೊಬೈಲು ಬೇರೆ ಎಂದು ಎರಡು ನೆಟ್‌ವರ್ಕ್ ಮಾಡಿ. ಬಂದವರಿಗೆ ದುಡ್ಡು ತೆಗೆದುಕೊಂಡು ವೈಫೈ ಕೊಡುವ ಯೋಚನೆ ಇದ್ದರೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ನೋಡಿ, ಅದರಲ್ಲಿ ಅಂಗಡಿಯವರಿಗೆ ಲೈಸೆನ್ಸ್ ಬೇಡ.

ಶಾಲೆ, ಗ್ರಂಥಾಲಯ. ಹಳೇ ಕಂಪ್ಯೂಟರುಗಳ ರಾಶಿಯೇ ಇರುತ್ತದೆ, ಸಂಜೆ ಬೀಗ ಬೀಳುತ್ತದೆ, ಒಬ್ಬರಾದರೂ ಗೊತ್ತಿರುವ ಟೀಚರು ಇರುತ್ತಾರೆ. ಡೆಸ್ಕ್‌ಟಾಪ್, ಮಕ್ಕಳಿಗೆ ಬೇಡದ ಸೈಟು ತಡೆಯಲು ಅದರಲ್ಲೇ ಡಿಎನ್‌ಎಸ್ ಫಿಲ್ಟರ್. ಒಂದೇ ಥರದ ಎರಡು ಕಂಪ್ಯೂಟರ್ ಇದ್ದರೆ ಸೆಟ್ಟಿಂಗಿನ ಬ್ಯಾಕಪ್ ಸಮೇತ ಒಂದನ್ನು ಬದಲಿಗೆ ಇಟ್ಟುಕೊಳ್ಳಿ. ಬದಲಿ ಸಾಮಾನು ಹೀಗೆ ಪುಕ್ಕಟೆ ಸಿಗುವುದು ಈ ಒಂದು ದಾರಿಯಲ್ಲಿ ಮಾತ್ರ.

ಆಟ ಇಡೀ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುವ ಯಕ್ಷಗಾನದ ತಂಡಗಳು. ಲ್ಯಾಪ್‌ಟಾಪನ್ನೇ ಒಯ್ಯಿರಿ. ದೇವಸ್ಥಾನದ ಲೈನು ಒಂದು, ಫೋನಿನದ್ದು ಒಂದು, ಎರಡನ್ನೂ ಜೋಡಿಸಿಟ್ಟರೆ ಭಾಗವತರ ಪದದ ನಡುವೆ ಲೈನ್ ಹೋದರೂ ಪ್ರಸಾರ ಬೇಗ ಚೇತರಿಸಿಕೊಳ್ಳುತ್ತದೆ. ಜನರೇಟರಿಗೆ ಬದಲಿಸುವ ಹೊತ್ತಿನಲ್ಲಿ ಅದರ ಬ್ಯಾಟರಿ ಕಾಯುತ್ತದೆ.

ಹತ್ತು ಹದಿನೈದು ಕೋಣೆಯ ಲಾಡ್ಜು, ಹೋಮ್‌ಸ್ಟೇ, ಕ್ಲಿನಿಕ್ಕು. ಇಲ್ಲಿ ಹಗಲೂ ರಾತ್ರಿ ಬೇಕು, ಕೆಟ್ಟರೆ ಮರ್ಯಾದೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಅಥವಾ ನಾಲ್ಕು ಪೋರ್ಟಿನ ಹೊಸ ಡಬ್ಬ, ಅದರಲ್ಲಿ ಓಪಿಎನ್‌ಸೆನ್ಸ್. ದುಡ್ಡು ಉಳಿಸುವ ಜಾಗ ಇದಲ್ಲ.

ಕೇಬಲ್ ಸಿಕ್ಕಿಸುವ ಮೊದಲು

ಫೈಬರಿನವರಿಗೆ ಒಂದು ಫೋನ್ ಮಾಡಿ. ಅವರ ಡಬ್ಬವನ್ನು ಬ್ರಿಡ್ಜ್ ಮೋಡಿಗೆ (ರೂಟರಿನ ಕೆಲಸ ಬಿಟ್ಟು ಲೈನನ್ನು ಮಾತ್ರ ದಾಟಿಸುವ ಸ್ಥಿತಿಗೆ) ಹಾಕಿ ಕೊಡುತ್ತಾರಾ, ಯೂಸರ್‌ನೇಮ್ ಪಾಸ್‌ವರ್ಡ್ ಕೊಡುತ್ತಾರಾ, ವಿಲ್ಯಾನ್ ನಂಬರ್ (ಅವರ ಲೈನಿನ ಗುರುತು) ಏನು, ಈ ಮೂರನ್ನು ಕೇಳಿ ಬರೆದಿಟ್ಟುಕೊಳ್ಳಿ. ಲ್ಯಾಂಡ್‌ಲೈನ್ ಫೋನು ಅದೇ ಡಬ್ಬದಿಂದ ಬರುತ್ತಿದ್ದರೆ ಅದೇನಾಗುತ್ತದೆ ಎಂದೂ ಕೇಳಿ. ಕೊಡುವುದಿಲ್ಲ ಅಂದರೂ ಕೆಲಸ ನಿಲ್ಲುವುದಿಲ್ಲ. ಅವರ ಡಬ್ಬದ ಲ್ಯಾನ್ ಪೋರ್ಟಿನಿಂದ ನಿಮ್ಮ ಕಂಪ್ಯೂಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿದರೆ ನೆಟ್ ಬರುತ್ತದೆ. ಎರಡು ರೂಟರ್ ಸಾಲಾಗಿ ನಿಂತಂತಾಗುತ್ತದೆ, ಅಷ್ಟೆ. ವಿಡಿಯೋ, ಮೀಟಿಂಗ್, ಬ್ಯಾಂಕು ಯಾವುದಕ್ಕೂ ತೊಂದರೆ ಇಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ನೇರವಾಗಿ ನೋಡುವವರಿಗೆ, ಕೆಲವು ಆಟ ಆಡುವವರಿಗೆ ಮಾತ್ರ ಅಡ್ಡಿ.

ಹೀಗೆ ಮಾಡುವಾಗ ಎರಡೂ ಕಡೆ ಐಪಿ 192.168.1.1 ಎಂದೇ ಇದ್ದರೆ ನೆಟ್ ಬರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಶುರುವಿಗೆ ಅದೇ ನಂಬರ್ ಹಿಡಿಯುತ್ತದೆ, ಎಷ್ಟೋ ಫೈಬರ್ ಡಬ್ಬಗಳೂ ಅದನ್ನೇ ಹಿಡಿಯುತ್ತವೆ. ನಿಮ್ಮದನ್ನು 192.168.2.1 ಮಾಡಿಬಿಡಿ. ಪಿಸಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಮೊದಲ ಪೋರ್ಟನ್ನು ಒಳಗಿನದ್ದು, ಎರಡನೆಯದನ್ನು ಹೊರಗಿನದ್ದು ಎಂದು ತೆಗೆದುಕೊಳ್ಳುತ್ತದೆ. ಯಾವುದು ಯಾವುದು ಎಂದು ಮಾರ್ಕರಿನಲ್ಲಿ ಪೆಟ್ಟಿಗೆಯ ಮೇಲೆಯೇ ಬರೆಯಿರಿ.

ಬ್ರಿಡ್ಜ್ ಮೋಡಿಗೆ ಹೋಗದವರು ಫೈಬರ್ ಡಬ್ಬದ ಹಳೇ ವೈಫೈಯನ್ನು ಆಫ್ ಮಾಡಬೇಡಿ, ಹೆಸರು ಮಾತ್ರ ಬದಲಿಸಿ ಇಡಿ. ಕಂಪ್ಯೂಟರ್ ಕೈಕೊಟ್ಟ ದಿನ ಮನೆಯವರು ಆ ಹೆಸರಿಗೆ ಸೇರಿಕೊಂಡರೆ ಸಾಕು, ನೆಟ್ ಇರುತ್ತದೆ. ಆ ಹೆಸರು, ಪಾಸ್‌ವರ್ಡ್ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.